ಹಣ್ಣಾದ ಕಾಯಿಗಳ ಲೆಕ್ಕ: ಬೇಸ್‌ಬಾಲಿನ ಮೊದಲ ರನ್ ಸರದಾರರು

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳನ್ನು ತಿದ್ದಿ ಬರೆದದ್ದು. ಸಭೆಯಲ್ಲಿ ಎದ್ದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಲೆಕ್ಕ ಬರೆಯುವವನು. ಹೈಸ್ಕೂಲಿನಲ್ಲಿದ್ದಾಗ ನಮ್ಮ ದೈಹಿಕ ಶಿಕ್ಷಕರು ಸ್ಕೋರ್ ಪುಸ್ತಕವನ್ನು ಕೈಗೆ ಕೊಟ್ಟು ಮರದ ಕೆಳಗೆ ಕೂರಿಸಿದರು. ಅಂದಿನಿಂದ ಎಷ್ಟೋ ವರ್ಷ ಊರೂರಿನ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆದಿದ್ದೇನೆ. ಆಗಲೇ ಒಂದು ಸಂಗತಿ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿತ್ತು. ಬ್ಯಾಟ್ಸ್‌ಮನ್ ಚೆಂಡನ್ನು ಮೆಲ್ಲಗೆ ತಳ್ಳಿ ಎರಡು ರನ್ ಓಡುತ್ತಾನೆ. ಎದುರು ತುದಿಯಲ್ಲಿದ್ದವನೂ ಅಷ್ಟೇ ದೂರವನ್ನು, ಅಷ್ಟೇ ವೇಗವಾಗಿ ಓಡುತ್ತಾನೆ. ಔಟಾಗುವ ಅಪಾಯ ಇಬ್ಬರಿಗೂ ಸಮ. ಆದರೆ ಆ ಎರಡನ್ನು ನಾನು ಬರೆಯುತ್ತಿದ್ದದ್ದು ಹೊಡೆದವನ ಹೆಸರಿನ ಮುಂದೆ ಮಾತ್ರ. ಓಡಿದ ಇನ್ನೊಬ್ಬನ ಪಾಲಿಗೆ ಪುಸ್ತಕದಲ್ಲಿ ಒಂದು ಚುಕ್ಕೆಯೂ ಇಲ್ಲ.

ಬೇಸ್‌ಬಾಲಿನ ಹಳೆಯ ಅಂಕಪಟ್ಟಿಗಳನ್ನು ಮೊದಲ ಬಾರಿ ನೋಡಿದಾಗ ನನಗೆ ಆದ ಆನಂದಕ್ಕೆ ಇದೇ ಕಾರಣ. ಅಲ್ಲಿ ಲೆಕ್ಕ ತಿರುವುಮುರುವಾಗಿದೆ. ಚೆಂಡನ್ನು ಯಾರು ಬೇಕಾದರೂ ಹೊಡೆಯಲಿ, ರನ್ ಸಲ್ಲುವುದು ಓಡಿ ಬಂದು ಮನೆ ಮುಟ್ಟಿದವನಿಗೆ.

ಈ ಆಟವನ್ನು ನೋಡದವರು ನಮ್ಮ ಚೌಕಾಬಾರವನ್ನು ನೆನೆಸಿಕೊಳ್ಳಿ. ಕಾಯಿ ತನ್ನ ಕಟ್ಟೆಯಿಂದ ಹೊರಟು ಮನೆಮನೆ ದಾಟುತ್ತದೆ. ಗೀಟು ಹಾಕಿದ ಕಟ್ಟೆಯ ಮೇಲೆ ಇರುವಷ್ಟು ಹೊತ್ತು ಅದನ್ನು ಯಾರೂ ಹೊಡೆಯುವಂತಿಲ್ಲ. ಕಟ್ಟೆ ಬಿಟ್ಟರೆ ಅಪಾಯ. ಕೊನೆಗೆ ನಡುಮನೆ ಸೇರಿದಾಗ ಕಾಯಿ ಹಣ್ಣಾಯಿತು ಎನ್ನುತ್ತೇವೆ. ಬೇಸ್‌ಬಾಲಿನ ಮೂರು ಬೇಸ್‌ಗಳು ಮೂರು ಕಟ್ಟೆಗಳು. ಬ್ಯಾಟ್ ಹಿಡಿದು ನಿಂತ ಜಾಗ ಹೋಮ್ ಪ್ಲೇಟ್, ಅಂದರೆ ಮನೆ. ಮೂರು ಕಟ್ಟೆ ಸುತ್ತಿ ಮತ್ತೆ ಮನೆಗೆ ಬಂದರೆ ಒಂದು ರನ್. ಕಾಯಿಯನ್ನು ನಡೆಸುವುದಕ್ಕೆ ಕವಡೆ ಬೀಳಬೇಕು. ಇಲ್ಲಿ ಕವಡೆ ಹಾಕುವವನು ಹಿಂದೆ ಬರುವ ಬ್ಯಾಟರ್. ಅವನು ಹೊಡೆದರೆ ಇವನು ಮುಂದೆ ಸಾಗುತ್ತಾನೆ. ಅವನು ಹೊಡೆಯದೇ ಹೋದರೆ ಇವನು ಎಷ್ಟೇ ಶೂರನಾದರೂ ಕಟ್ಟೆಯ ಮೇಲೆಯೇ ಉಳಿಯುತ್ತಾನೆ.

ಈ ಕಾರಣಕ್ಕೆ ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ಮೊದಲ ಮೂವತ್ತು ವರ್ಷಗಳಲ್ಲಿ ಅತಿ ಹೆಚ್ಚು ರನ್ ಗಳಿಸಿದವರ ಪಟ್ಟಿ ನನಗೆ ಬಹಳ ಪ್ರಿಯವಾದ ಪಟ್ಟಿ. ಪ್ರತಿ ಅಂಕಿಯ ಹಿಂದೆಯೂ ಇನ್ನೊಬ್ಬನಿದ್ದಾನೆ. ಆದರೂ ಅಂಕಿ ಒಬ್ಬನ ಹೆಸರಿನಲ್ಲಿದೆ.

ಲೆಕ್ಕ ಹುಟ್ಟಿದ್ದು ಕ್ರಿಕೆಟಿನ ಮನೆಯಲ್ಲಿ. ಹೆನ್ರಿ ಚಾಡ್ವಿಕ್ ಎಂಬವರು 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಬ್ರೂಕ್ಲಿನ್‌ಗೆ ಬಂದವರು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದರು. 1850ರ ದಶಕದಲ್ಲಿ ಹೋಬೋಕನ್‌ನ ಎಲಿಸಿಯನ್ ಫೀಲ್ಡ್ಸ್ ಮೈದಾನದಲ್ಲಿ ಬೇಸ್‌ಬಾಲ್ ಪಂದ್ಯ ನೋಡಿ, ಮುಂದಿನ ಅರ್ಧ ಶತಮಾನ ಅದಕ್ಕೇ ಬದುಕನ್ನು ಮೀಸಲಿಟ್ಟರು. ಕ್ರಿಕೆಟಿನ ಅಂಕಪಟ್ಟಿಯನ್ನು ಈ ಆಟಕ್ಕೆ ಒಗ್ಗಿಸಿ ರೂಢಿಗೆ ತಂದವರಲ್ಲಿ ಅವರೇ ಮುಖ್ಯರು. ಆರಂಭದ ಆ ಪಟ್ಟಿಗಳಲ್ಲಿ ಒಬ್ಬ ಆಟಗಾರನ ಮುಂದೆ ಇರುತ್ತಿದ್ದದ್ದು ಮುಖ್ಯವಾಗಿ ಎರಡೇ ಅಂಕಿ: ಎಷ್ಟು ಸಲ ಔಟಾದ, ಎಷ್ಟು ರನ್ ಮಾಡಿದ. ಹೊಡೆತಗಳ ಲೆಕ್ಕ ಆಮೇಲೆ ಬಂದದ್ದು. ತನ್ನ ಹೊಡೆತದಿಂದ ಇನ್ನೊಬ್ಬನನ್ನು ಮನೆ ಮುಟ್ಟಿಸಿದ ಲೆಕ್ಕ ಅಧಿಕೃತವಾದದ್ದಂತೂ 1920ರಲ್ಲಿ.

ಅಂದರೆ ನೋಡಿ, ಕ್ರಿಕೆಟ್ ಬಲ್ಲವರೊಬ್ಬರು ‘ರನ್’ ಎಂಬ ಅಂಕಣವನ್ನು ಹಾಗೇ ಎತ್ತಿಕೊಂಡು ಬಂದು ಈ ಆಟದಲ್ಲಿ ಇಟ್ಟರು. ಅಂಕಣ ಅದೇ, ಅದರ ಒಳಗಿನ ಅರ್ಥ ಬೇರೆ. ಕ್ರಿಕೆಟಿನಲ್ಲಿ ಅದು ಬಹುಮಟ್ಟಿಗೆ ಹೊಡೆದವನ ಸಂಪಾದನೆ. ಬೇಸ್‌ಬಾಲಿನಲ್ಲಿ ಅದು ಕಾಯಿ ಹಣ್ಣಾದ ಲೆಕ್ಕ. ಕೆಲವು ವರ್ಷಗಳ ಕಾಲ ಜನರು ಈ ಅಂಕಿಯಿಂದಲೇ ಆಟಗಾರನ ಬೆಲೆ ಕಟ್ಟಿದರು.

ಬಹಿರಂಗವಾಗಿ ಎಲ್ಲ ಆಟಗಾರರಿಗೂ ಸಂಬಳ ಕೊಟ್ಟ ಮೊದಲ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ಅದನ್ನು ಕಟ್ಟಿದ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದವನು. ಅವನ ತಂದೆ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರ. ಹ್ಯಾರಿಯನ್ನು ಸಿನ್ಸಿನಾಟಿಗೆ ಕರೆಸಿದ್ದೂ ಒಂದು ಕ್ರಿಕೆಟ್ ಕ್ಲಬ್ಬು. ತಂಡದಲ್ಲಿ ಅತಿ ಹೆಚ್ಚು ಸಂಬಳ, 1,400 ಡಾಲರ್, ಸಿಗುತ್ತಿದ್ದದ್ದು ಅವನ ತಮ್ಮ ಜಾರ್ಜ್ ರೈಟ್‌ಗೆ. ಆ ವರ್ಷ ತಂಡ ಆಡಿದ 57 ಮುಖ್ಯ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಜಾರ್ಜ್ ಒಬ್ಬನೇ 339 ರನ್ ಮಾಡಿದ. ಪಂದ್ಯಕ್ಕೆ ಹತ್ತಿರ ಹತ್ತಿರ ಆರು! ಎದುರಾಳಿಗಳಲ್ಲಿ ಅನೇಕರು ಹವ್ಯಾಸಿಗಳು. ಆದ್ದರಿಂದ ಈ ಅಂಕಿಯನ್ನು ದಾಖಲೆ ಎಂದು ಯಾರೂ ಎಣಿಸುವುದಿಲ್ಲ. ಆದರೆ ದುಡ್ಡಿಗಾಗಿ ದಿನವೂ ಅಭ್ಯಾಸ ಮಾಡಿದವರು ಎಷ್ಟು ಮುಂದೆ ಹೋಗಬಲ್ಲರು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟ ಅಂಕಿ ಅದು.

ಎರಡೇ ವರ್ಷಕ್ಕೆ, 1871ರಲ್ಲಿ, ಮೊದಲ ವೃತ್ತಿಪರ ಒಕ್ಕೂಟ ಹುಟ್ಟಿಕೊಂಡಿತು. ಅದನ್ನು ನ್ಯಾಷನಲ್ ಅಸೋಸಿಯೇಷನ್ ಎನ್ನುತ್ತಾರೆ. ಮೊದಲ ಪಂದ್ಯ ಮೇ 4ರಂದು ಇಂಡಿಯಾನಾದ ಫೋರ್ಟ್ ವೇನ್ ಊರಿನಲ್ಲಿ ನಡೆಯಿತು. ಊರಿನ ತಂಡ ಕ್ಲೀವ್‌ಲ್ಯಾಂಡ್ ಎದುರು 2–0ಯಿಂದ ಗೆದ್ದಿತು. ಆ ಕಾಲಕ್ಕೆ ಅದು ಬೆರಗು ಹುಟ್ಟಿಸುವಷ್ಟು ಸಣ್ಣ ಮೊತ್ತ, ಏಕೆಂದರೆ ಆ ವರ್ಷ ಒಂದು ತಂಡ ಒಂದು ಪಂದ್ಯದಲ್ಲಿ ಸರಾಸರಿ ಹತ್ತಕ್ಕಿಂತ ಹೆಚ್ಚು ರನ್ ಮಾಡುತ್ತಿತ್ತು. ಫೀಲ್ಡರ್‌ಗಳು ಬರಿಗೈಯಲ್ಲಿ ಚೆಂಡು ಹಿಡಿಯುತ್ತಿದ್ದರು. ಮೈದಾನ ಹದವಾಗಿರಲಿಲ್ಲ. ಪಿಚರ್ 45 ಅಡಿ ದೂರದಿಂದ ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಎಸೆಯಬೇಕಿತ್ತು. ಚೆಂಡು ಒಮ್ಮೆ ಫೀಲ್ಡರ್‌ನ ಕೈ ತಪ್ಪಿದರೆ ಓಡುವವನಿಗೆ ಹಬ್ಬ.

ಆ ಮೊದಲ ವರ್ಷವೇ ರನ್ ಪಟ್ಟಿಯ ತಲೆಯಲ್ಲಿ ಕುಳಿತವನು ರಾಸ್ ಬಾರ್ನ್ಸ್. ನನ್ನ ಇಂದಿನ ಮಾತಿಗೆ ಮೂಲ ಕಾರಣ ಇವನೇ. ಆದ್ದರಿಂದ ಇವನ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಬಾರ್ನ್ಸ್ ಹುಟ್ಟಿದ್ದು 1850ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಬೆಳೆದದ್ದು ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ. ಮುಂದೆ ಕ್ರೀಡಾ ಸಾಮಗ್ರಿಗಳ ವ್ಯಾಪಾರದಿಂದ ಜಗತ್ತಿಗೆಲ್ಲ ಹೆಸರಾದ ಆಲ್ಬರ್ಟ್ ಸ್ಪಾಲ್ಡಿಂಗ್ ಅವನ ಊರಿನ ತಂಡದ ಜೊತೆಗಾರ. ಹ್ಯಾರಿ ರೈಟ್ ಸಿನ್ಸಿನಾಟಿ ಬಿಟ್ಟು ಬಾಸ್ಟನ್‌ನಲ್ಲಿ ಹೊಸ ತಂಡ ಕಟ್ಟಿದಾಗ ಇಬ್ಬರನ್ನೂ ಕರೆಸಿಕೊಂಡ. ಬಾರ್ನ್ಸ್‌ನದು ಎರಡನೆಯ ಬೇಸ್ ಕಾಯುವ ಕೆಲಸ. ಅವನ ಅಂಕಿಗಳನ್ನು ಒಂದೊಂದಾಗಿ ಹೇಳುತ್ತೇನೆ, ಸಾವಕಾಶವಾಗಿ ಕೇಳಿ. 1871ರಲ್ಲಿ 31 ಪಂದ್ಯ, 66 ರನ್. 1873ರಲ್ಲಿ 60 ಪಂದ್ಯ, 125 ರನ್. 1875ರಲ್ಲಿ 78 ಪಂದ್ಯ, 115 ರನ್. ಮೂರು ವರ್ಷವೂ ಒಕ್ಕೂಟದಲ್ಲಿ ಅವನೇ ಮೊದಲಿಗ. ಅಸೋಸಿಯೇಷನ್ ನಡೆದ ಐದು ವರ್ಷಗಳಲ್ಲಿ ಅವನ ಒಟ್ಟು ಮೊತ್ತ 265 ಪಂದ್ಯಗಳಿಗೆ 459.

ಇಂದಿನ ಬೇಸ್‌ಬಾಲಿನಲ್ಲಿ ಪಂದ್ಯಕ್ಕೊಂದು ರನ್ ಎಂದರೆ ಅಪೂರ್ವ. ರಿಕಿ ಹೆಂಡರ್ಸನ್ 1985ರಲ್ಲಿ 143 ಪಂದ್ಯಗಳಿಂದ 146 ರನ್ ಗಳಿಸಿದ್ದನ್ನು ಇಂದಿಗೂ ನೆನೆಯುತ್ತಾರೆ. ಬಾರ್ನ್ಸ್ 1871ರಲ್ಲೂ 1873ರಲ್ಲೂ ಪಂದ್ಯಕ್ಕೆ ಎರಡಕ್ಕಿಂತ ಹೆಚ್ಚು ಗಳಿಸಿದ್ದ.

ನಡುವೆ 1874ರಲ್ಲಿ ಒಂದು ಸ್ವಾರಸ್ಯದ ಘಟನೆ. ಬಾಸ್ಟನ್ ಮತ್ತು ಫಿಲಡೆಲ್ಫಿಯಾ ತಂಡಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. ತಮ್ಮ ಆಟವನ್ನು ಅಲ್ಲಿಯವರಿಗೆ ತೋರಿಸುವುದು ಉದ್ದೇಶ. ಆದರೆ ಆತಿಥೇಯರು ಕ್ರಿಕೆಟ್ ಆಡೋಣ ಎಂದರು. ಅಮೆರಿಕನ್ನರು ಹದಿನೆಂಟು ಮಂದಿಯನ್ನು ಇಳಿಸಿ ಹನ್ನೊಂದು, ಹನ್ನೆರಡು ಮಂದಿಯ ತಂಡಗಳ ಎದುರು ಆಡಿದರು, ಒಂದು ಪಂದ್ಯವನ್ನೂ ಸೋಲದೆ ಮರಳಿದರು. ಬಾರ್ನ್ಸ್ ಆ ಪ್ರವಾಸದಲ್ಲಿದ್ದ. ಎರಡು ಅರ್ಥದ ‘ರನ್’ಗಳನ್ನೂ ಓಡಿ ಕಂಡವನು.

1876ರಲ್ಲಿ ಅಸೋಸಿಯೇಷನ್ ಮುಗಿದು ನ್ಯಾಷನಲ್ ಲೀಗ್ ಶುರುವಾಯಿತು. ಇಂದಿಗೂ ನಡೆಯುತ್ತಿರುವುದು ಇದೇ ಲೀಗ್. ಷಿಕಾಗೋದ ವಿಲಿಯಂ ಹಲ್ಬರ್ಟ್ ಬಾಸ್ಟನ್‌ನಿಂದ ಬಾರ್ನ್ಸ್, ಸ್ಪಾಲ್ಡಿಂಗ್, ಕ್ಯಾಲ್ ಮೆಕ್‌ವೇ, ಡೀಕನ್ ವೈಟ್ ನಾಲ್ವರನ್ನೂ ಎಳೆದುಕೊಂಡ. ಮೇ 2ರಂದು ಸಿನ್ಸಿನಾಟಿಯಲ್ಲಿ ಬಾರ್ನ್ಸ್ ಹೊಡೆದದ್ದು ನ್ಯಾಷನಲ್ ಲೀಗಿನ ಮೊಟ್ಟಮೊದಲ ಹೋಮ್ ರನ್. ಚೆಂಡು ಬೇಲಿ ದಾಟಿ ಹೋಗಿರಲಿಲ್ಲ. ಅದು ಮೈದಾನದೊಳಗೆ ಉರುಳುತ್ತಿದ್ದಾಗಲೇ ಅವನು ನಾಲ್ಕು ಮನೆ ಸುತ್ತಿ ಬಂದಿದ್ದ. ಆ ವರ್ಷ ಷಿಕಾಗೋ 66 ಪಂದ್ಯಗಳಲ್ಲಿ 624 ರನ್ ಗಳಿಸಿತು. ಅದರಲ್ಲಿ 126 ಬಾರ್ನ್ಸ್‌ನವು. ಒಂಬತ್ತು ಜನರ ತಂಡದ ಐದರಲ್ಲಿ ಒಂದು ಪಾಲು ಒಬ್ಬನದೇ. ಬ್ಯಾಟಿಂಗ್ ಸರಾಸರಿ .429, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ನಾಲ್ಕಕ್ಕಿಂತ ಹೆಚ್ಚು ಸಲ ಹೊಡೆದು ಬೇಸ್ ಸೇರಿದ; ಇಂಥ ಹೊಡೆತಕ್ಕೆ ಹಿಟ್ ಎನ್ನುತ್ತಾರೆ.

ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಉತ್ತರದ ಒಂದು ಭಾಗ ಒಂದು ವಿಚಿತ್ರವಾದ ಹೊಡೆತದಲ್ಲಿದೆ. ಆಗಿನ ನಿಯಮದಂತೆ ಚೆಂಡು ಮೊದಲು ಗೆರೆಯ ಒಳಗೆ ನೆಲ ಮುಟ್ಟಿದರೆ ಸಾಕು, ಆಮೇಲೆ ಎತ್ತ ಹೊರಳಿ ಹೊರಗೆ ಹೋದರೂ ಅದು ಆಟದಲ್ಲೇ ಇರುವ ಚೆಂಡು. ಬಾರ್ನ್ಸ್ ಬ್ಯಾಟನ್ನು ಮೇಲಿನಿಂದ ಕೆಳಕ್ಕೆ ಕೊಚ್ಚುವಂತೆ ತಂದು, ಚೆಂಡು ತನ್ನ ಕಾಲ ಮುಂದೆಯೇ ಬಿದ್ದು ಗಿರ್ರನೆ ತಿರುಗಿ ಗೆರೆಯಾಚೆ ಓಡುವಂತೆ ಮಾಡುತ್ತಿದ್ದ. ಅದನ್ನು ತಡೆಯಬೇಕೆಂದರೆ ಮೂರನೆಯ ಬೇಸಿನ ಕಾವಲುಗಾರ ಗೆರೆಗೆ ಒತ್ತಿ ನಿಲ್ಲಬೇಕು. ಹಾಗೆ ನಿಂತರೆ ಅವನ ಇನ್ನೊಂದು ಪಕ್ಕ ಬಟಾಬಯಲು. ಆಗ ಬಾರ್ನ್ಸ್ ಆ ಕಡೆಗೆ ಹೊಡೆಯುತ್ತಿದ್ದ. ಕ್ರಿಕೆಟ್ ನೋಡುವ ನಿಮಗೆ ಇದರ ಸೊಗಸು ತಟ್ಟನೆ ಹೊಳೆಯುತ್ತದೆ. ಸ್ಲಿಪ್ ತೆಗೆದರೆ ಕಟ್, ಸ್ಲಿಪ್ ಇಟ್ಟರೆ ಡ್ರೈವ್. ಇದು ಬುದ್ಧಿಯ ಆಟ, ಮೋಸವಲ್ಲ.

1877ಕ್ಕೆ ನಿಯಮ ಬದಲಾಯಿತು. ಮೊದಲ ಅಥವಾ ಮೂರನೆಯ ಬೇಸ್ ತಲುಪುವ ಮುಂಚೆ ಗೆರೆಯಾಚೆ ಹೋದ ಚೆಂಡು ಇನ್ನು ಫೌಲ್, ಅಂದರೆ ಆಟದ ಹೊರಗಿನ ಚೆಂಡು. ಅದೇ ವರ್ಷ ಬಾರ್ನ್ಸ್ ನೆಲಕಚ್ಚಿದ. ಆಡಿದ್ದು 22 ಪಂದ್ಯ, ಗಳಿಸಿದ್ದು 16 ರನ್. ಅನೇಕ ಪುಸ್ತಕಗಳು ಈ ಎರಡು ಸಂಗತಿಗಳನ್ನು ಒಂದೇ ದಾರಕ್ಕೆ ಪೋಣಿಸಿಬಿಡುತ್ತವೆ: ನಿಯಮ ಹೋಯಿತು, ಬಾರ್ನ್ಸ್ ಹೋದ. ನಾನು ಇದನ್ನು ಒಪ್ಪುವುದಿಲ್ಲ. ಆ ವರ್ಷ ಅವನನ್ನು ಚಳಿಜ್ವರ ಹಿಡಿದು ಹಿಂಡಿತು. ತಿಂಗಳುಗಟ್ಟಲೆ ಅವನು ಮೈದಾನದಿಂದ ದೂರ ಉಳಿದ. ಜ್ವರ ಬಿಟ್ಟ ಮೇಲೂ ಮೈಯಲ್ಲಿ ಹಿಂದಿನ ಕಸುವು ಮರಳಲಿಲ್ಲ. ಒಂದು ಹೊಡೆತವನ್ನು ಕಳೆದುಕೊಂಡವನು ಇನ್ನೊಂದನ್ನು ಕಲಿಯಬಲ್ಲ. ಓಡುವ ಕಾಲನ್ನೇ ಕಳೆದುಕೊಂಡವನು ರನ್ ಅಂಕಣದಲ್ಲಿ ಏನು ಬರೆಸಬಲ್ಲ? 1876ರಲ್ಲಿ ಕೆಟ್ಟ ಎಸೆತಗಳನ್ನು ಬಿಟ್ಟು ಪುಕ್ಕಟೆಯಾಗಿ ಮೊದಲ ಬೇಸ್ ಸೇರಿದವರಲ್ಲೂ ಲೀಗಿನಲ್ಲಿ ಅವನೇ ಮೊದಲು. ಕಣ್ಣು, ತಾಳ್ಮೆ, ವೇಗ ಮೂರೂ ಇದ್ದವನು ಅವನು. ಒಂದು ಕೊಚ್ಚು ಹೊಡೆತದಿಂದ ಬದುಕಿದವನಲ್ಲ.

ಕಾಯಿಲೆಯ ದಿನಗಳ ಸಂಬಳವನ್ನು ಕ್ಲಬ್ ತಡೆಹಿಡಿಯಿತು. ಬಾರ್ನ್ಸ್ ನ್ಯಾಯಾಲಯಕ್ಕೆ ಹೋದ, ಸೋತ. ದುಡಿಮೆಯ ಮೈ ಕೆಟ್ಟರೆ ಕೂಲಿಯೂ ಇಲ್ಲ ಎಂಬ ಮಾತು ವೃತ್ತಿಪರ ಬೇಸ್‌ಬಾಲ್ ಒಕ್ಕೂಟ ಹುಟ್ಟಿದ ಕೆಲವೇ ವರ್ಷಗಳಲ್ಲಿ ಕಾನೂನಿನ ಮುದ್ರೆ ಒತ್ತಿಸಿಕೊಂಡಿತು. ಮುಂದೆ 1879 ಮತ್ತು 1881ರಲ್ಲಿ ಮತ್ತೆ ಆಡಿದ. ಹಳೆಯ ಬಾರ್ನ್ಸ್ ಕಾಣಲಿಲ್ಲ. ಒಟ್ಟು 499 ಪಂದ್ಯ, 698 ರನ್. 1915ರಲ್ಲಿ ಷಿಕಾಗೋದಲ್ಲಿ ತೀರಿಕೊಂಡ.

ಸಭೆಯಲ್ಲಿ ಒಬ್ಬರು ಕೇಳಿದರು: ಇಂಥವನಿಗೆ ಕೂಪರ್ಸ್‌ಟೌನಿನ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ (ಹಾಲ್ ಆಫ್ ಫೇಮ್) ಜಾಗ ಇದೆಯೇ? ಇಲ್ಲ. ಆಟಗಾರನಾಗಿ ಆ ಗೌರವ ಪಡೆಯಲು ಹತ್ತು ವರ್ಷ ಆಡಿರಬೇಕು ಎಂಬುದು ನಿಯಮ. ಬಾರ್ನ್ಸ್ ಆಡಿದ್ದು ಒಂಬತ್ತು. ಇನ್ನೊಂದು ಪೆಟ್ಟೂ ಇದೆ. ದಾಖಲೆಗಳನ್ನು ಸರಿಪಡಿಸಲು ಕೂತ ವಿಶೇಷ ಸಮಿತಿಯೊಂದು 1969ರಲ್ಲಿ ನ್ಯಾಷನಲ್ ಅಸೋಸಿಯೇಷನ್ನನ್ನು ಮೇಜರ್ ಲೀಗ್, ಅಂದರೆ ಅತಿ ಮೇಲಿನ ಮಟ್ಟದ ಲೀಗ್, ಎಂದು ಪರಿಗಣಿಸಬಾರದೆಂದು ತೀರ್ಮಾನಿಸಿತು. ಆ ಲೆಕ್ಕದ ಪ್ರಕಾರ ಅವನ 459 ರನ್‌ಗಳು ಅಧಿಕೃತ ಪುಸ್ತಕದ ಹೊರಗೆ ನಿಲ್ಲುತ್ತವೆ. ಅಂದಿನ ಅತ್ಯುತ್ತಮ ಆಟಗಾರರೆಲ್ಲ ಆಡಿದ್ದು ಅಲ್ಲಿಯೇ, ಬೇರೆ ದೊಡ್ಡ ಲೀಗ್ ಇರಲೇ ಇಲ್ಲ. ಆಡಿದವರ ಮಟ್ಟಿಗೆ ಅದಕ್ಕಿಂತ ಮೇಲಿನ ಕಣ ಇಲ್ಲದಿದ್ದಾಗ ಅದನ್ನು ಕೆಳಗಿನದು ಎಂದು ನೂರು ವರ್ಷದ ಬಳಿಕ ಹೇಳುವುದು ನನಗೆ ಅನ್ಯಾಯ ಎನಿಸುತ್ತದೆ.

1880ರ ದಶಕವನ್ನು ಬೇಗ ದಾಟುತ್ತೇನೆ. ಷಿಕಾಗೋದ ಮೈಕ್ ಕೆಲ್ಲಿ 1884ರಿಂದ 1886ರವರೆಗೆ ಸತತ ಮೂರು ವರ್ಷ ನ್ಯಾಷನಲ್ ಲೀಗಿನ ರನ್ ಪಟ್ಟಿಯಲ್ಲಿ ಮೊದಲಿಗ. 1886ರಲ್ಲಿ 118 ಪಂದ್ಯ, 155 ರನ್. ಆಗ ಮೈದಾನಕ್ಕೆ ಒಬ್ಬನೇ ಅಂಪೈರ್. ಅವನ ಬೆನ್ನು ತಿರುಗಿದ್ದಾಗ ಕೆಲ್ಲಿ ಮೂರನೆಯ ಬೇಸನ್ನು ಮುಟ್ಟದೆ ನೇರ ಮನೆಗೆ ಓಡಿಬಿಡುತ್ತಿದ್ದನೆಂದು ಪ್ರತೀತಿ. ಲೆಕ್ಕ ಬರೆಯುವವನಾಗಿ ಈ ಕಥೆ ನನಗೆ ಹಿಡಿಸುವುದಿಲ್ಲ. ಜನ ಮಾತ್ರ ಅವನನ್ನು ‘ಕಿಂಗ್’ ಎಂದು ಕರೆದರು. ಅವನನ್ನು ಬಾಸ್ಟನ್ 10,000 ಡಾಲರ್ ಕೊಟ್ಟು ಕೊಂಡಾಗ ದೇಶವೇ ಬಾಯ ಮೇಲೆ ಬೆರಳಿಟ್ಟಿತು. ಅವನ ಜೊತೆಗಾರ ಜಾರ್ಜ್ ಗೋರ್ 1,310 ಪಂದ್ಯಗಳಲ್ಲಿ 1,327 ರನ್ ಗಳಿಸಿದ. ಫಿಲಡೆಲ್ಫಿಯಾದ ಹ್ಯಾರಿ ಸ್ಟೋವಿ 1,486 ಪಂದ್ಯಗಳಲ್ಲಿ 1,492. ಸ್ಟೋವಿಯ ನಿಜವಾದ ಮನೆತನದ ಹೆಸರು ಸ್ಟೋ. ಚೆಂಡಾಟದಿಂದ ಹೊಟ್ಟೆ ಹೊರೆಯುವುದು ತಾಯಿಗೆ ಇಷ್ಟವಿಲ್ಲದ್ದರಿಂದ, ಪತ್ರಿಕೆಯಲ್ಲಿ ಅವಳ ಕಣ್ಣಿಗೆ ಬೀಳಬಾರದೆಂದು ಹೆಸರನ್ನು ತಿರುಚಿಕೊಂಡನಂತೆ. ಆ ಸುಳ್ಳು ಹೆಸರಿನಲ್ಲೇ ಅವನ ರನ್‌ಗಳೆಲ್ಲ ದಾಖಲಾಗಿವೆ. ಕೆನಡಾದ ಟಿಪ್ ಓನೀಲ್ 1887ರಲ್ಲಿ ಸೇಂಟ್ ಲೂಯಿಸ್ ಪರವಾಗಿ 167, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟಾಮ್ ಬ್ರೌನ್ 1891ರಲ್ಲಿ ಬಾಸ್ಟನ್ನಿನ ಇನ್ನೊಂದು ತಂಡದ ಪರವಾಗಿ 177. ಈ 177 ಎಂಬ ಅಂಕಿಯನ್ನು ನೆನಪಿನಲ್ಲಿಡಿ.

ಇಲ್ಲಿ ಒಂದು ಕಹಿ ಸತ್ಯವನ್ನು ಹೇಳದೆ ಮುಂದೆ ಹೋಗಲಾರೆ. ಅದೇ ಷಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್. 1871ರಿಂದ 1897ರವರೆಗೆ ಆಡಿ ಸುಮಾರು 2,000 ರನ್ ಕಲೆಹಾಕಿದವನು, ಆ ಶತಮಾನದ ಅತಿ ದೊಡ್ಡ ಮೊತ್ತ ಅವನದೇ. ಕಪ್ಪು ಆಟಗಾರರಿರುವ ತಂಡದ ಎದುರು ಆಡುವುದಿಲ್ಲ ಎಂದು ಹಟ ಹಿಡಿದವನೂ ಅವನೇ. 1887ರ ಜುಲೈ 14ರಂದು ಇಂಟರ್‌ನ್ಯಾಷನಲ್ ಲೀಗ್ ಎಂಬ ಇನ್ನೊಂದು ಲೀಗಿನ ಒಡೆಯರು ಕಪ್ಪು ಆಟಗಾರರ ಜೊತೆ ಇನ್ನು ಹೊಸ ಒಪ್ಪಂದ ಬೇಡ ಎಂದು ಮತ ಹಾಕಿದರು. ಆಗ ಆ ಲೀಗಿನಲ್ಲಿ, ಬಫಲೋ ತಂಡದಲ್ಲಿ, ಫ್ರಾಂಕ್ ಗ್ರಾಂಟ್ ಎಂಬ ಇಪ್ಪತ್ತೊಂದರ ಹುಡುಗ ಎರಡನೆಯ ಬೇಸ್ ಕಾಯುತ್ತಿದ್ದ. ಬ್ಯಾಟಿಂಗಿನಲ್ಲೂ ಓಟದಲ್ಲೂ ಎತ್ತಿದ ಕೈ. ಎದುರಾಳಿಗಳು ಬೇಕೆಂದೇ ಮೊಳೆಯ ಬೂಟುಗಳಿಂದ ಅವನ ಕಾಲು ಸೀಳಲು ಬರುತ್ತಿದ್ದರು. 1888ರ ಬಳಿಕ ಅವನಿಗೆ ಅಲ್ಲಿ ಬಾಗಿಲು ಮುಚ್ಚಿತು. ಕಪ್ಪು ಆಟಗಾರರೇ ಇದ್ದ ಕ್ಯೂಬನ್ ಜೈಂಟ್ಸ್‌ನಂಥ ತಂಡಗಳಲ್ಲಿ ಆಡುತ್ತಾ ಬದುಕಿದ. ಕೀರ್ತಿಮಂದಿರ ಅವನನ್ನು ಒಳಗೆ ಕರೆದುಕೊಂಡದ್ದು 2006ರಲ್ಲಿ. ಅವನು ಊರೂರು ಅಲೆದು ಗಳಿಸಿದ ರನ್‌ಗಳಿಗೆ ಪೂರ್ಣವಾದ ಪುಸ್ತಕ ಇಲ್ಲ. ನೀಗ್ರೋ ಲೀಗುಗಳ 1920ರಿಂದ 1948ರವರೆಗಿನ ಅಂಕಿಗಳನ್ನು ಮೇಜರ್ ಲೀಗ್ 2024ರಲ್ಲಿ ತನ್ನ ದಾಖಲೆಗೆ ಸೇರಿಸಿಕೊಂಡಿತು. ಗ್ರಾಂಟ್‌ನ ಕಾಲ ಅದಕ್ಕೂ ಹಿಂದಿನದು. ಮೊದಲ ರನ್ ಸರದಾರರ ಪಟ್ಟಿ ಎಂದು ನಾವು ಓದುವುದು ಬಾಗಿಲೊಳಗೆ ಬಿಟ್ಟುಕೊಂಡವರ ಪಟ್ಟಿಯನ್ನು ಮಾತ್ರ.

ಈಗ ಬಿಲ್ಲಿ ಹ್ಯಾಮಿಲ್ಟನ್. 1866ರಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಹುಟ್ಟಿದ, ಐದೂವರೆ ಅಡಿ ಎತ್ತರದ, ದಪ್ಪ ತೊಡೆಗಳ ಆಳು. ನೆಲದ ಮೇಲೆ ಜಾರಿ ಬೇಸ್ ಸೇರುವ ಅವನ ರೀತಿಗೆ ‘ಸ್ಲೈಡಿಂಗ್ ಬಿಲ್ಲಿ’ ಎಂಬ ಹೆಸರು ಬಂತು. 1888ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಶುರುಮಾಡಿ, 1890ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ.

1893ರಲ್ಲಿ ಪಿಚರ್‌ನನ್ನು ಹಿಂದಕ್ಕೆ ಸರಿಸಿ ಎಸೆತದ ದೂರವನ್ನು 60 ಅಡಿ 6 ಅಂಗುಲ ಮಾಡಿದರು. ಇಂದಿಗೂ ಅದೇ ದೂರ. ಬ್ಯಾಟರ್‌ಗೆ ಚೆಂಡು ನೋಡಲು ಕಣ್ಣೆವೆಯಷ್ಟು ಹೆಚ್ಚು ಹೊತ್ತು ಸಿಕ್ಕಿತು. ಅಷ್ಟಕ್ಕೇ ಅಣೆಕಟ್ಟು ಒಡೆಯಿತು. 1894ರಲ್ಲಿ ಬಾಸ್ಟನ್ ಒಂದು ವರ್ಷಕ್ಕೆ 1,220 ರನ್ ಗಳಿಸಿತು. ಇಂದಿಗೂ ಅದನ್ನು ಯಾವ ತಂಡವೂ ಮೀರಿಲ್ಲ. ಫಿಲಡೆಲ್ಫಿಯಾದಲ್ಲಿ ಹ್ಯಾಮಿಲ್ಟನ್, ಎಡ್ ಡೆಲಹಂಟಿ, ಸ್ಯಾಮ್ ಥಾಂಪ್ಸನ್, ಟಕ್ ಟರ್ನರ್ ಎಂಬ ನಾಲ್ವರು ಹೊರಮೈದಾನದ ಆಟಗಾರರು. ನಾಲ್ವರ ಸರಾಸರಿಯೂ .400ರ ಮೇಲೆ! ಆಗಸ್ಟ್ 6ರಂದು ಅವರ ಮೈದಾನಕ್ಕೆ ಬೆಂಕಿ ಬಿದ್ದು ಮರದ ಗ್ಯಾಲರಿಗಳು ಸುಟ್ಟು ಬೂದಿಯಾದವು. ಕೆಲವು ಪಂದ್ಯಗಳನ್ನು ವಿಶ್ವವಿದ್ಯಾಲಯದ ಬಯಲಿನಲ್ಲಿ ಆಡಿದರು. ಅದೇ ತಿಂಗಳ 17ರಂದು ಲೂಯಿವಿಲ್ ಎದುರು 36 ಹಿಟ್ ಹೊಡೆದು 29–4ರಿಂದ ಗೆದ್ದರು.

ಈ ರನ್ ಮಳೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಮನೆ ಮುಟ್ಟಿದವನು ಹ್ಯಾಮಿಲ್ಟನ್. ಅವನ ವಿಧಾನ ನೋಡಿ. ಮೊದಲಿಗನಾಗಿ ಬ್ಯಾಟ್ ಹಿಡಿದು ಬರುತ್ತಾನೆ. ಬೇಡದ ಎಸೆತಗಳನ್ನು ಒಂದಾದ ಮೇಲೊಂದು ಗೆರೆಯಾಚೆ ತಟ್ಟಿ ಹಾಕುತ್ತಾನೆ. ಆಗಿನ್ನೂ ಅಂಥ ಫೌಲ್ ಚೆಂಡನ್ನು ಸ್ಟ್ರೈಕ್ (ಮೂರಾದರೆ ಬ್ಯಾಟರ್ ಔಟ್) ಎಂದು ಎಣಿಸುತ್ತಿರಲಿಲ್ಲ, ಹೀಗಾಗಿ ಎಷ್ಟು ತಟ್ಟಿದರೂ ನಷ್ಟವಿಲ್ಲ. ಪಿಚರ್ ಬೇಸತ್ತು ನಾಲ್ಕು ಕೆಟ್ಟ ಎಸೆತ ಹಾಕಿದರೆ ಮೊದಲ ಬೇಸ್ ಪುಕ್ಕಟೆ. ಆ ವರ್ಷ ಅವನು ಹೀಗೆ ಬೇಸ್ ಸೇರಿದ್ದು 120ಕ್ಕೂ ಹೆಚ್ಚು ಸಲ. ಹಿಟ್‌ಗಳು 220ಕ್ಕೂ ಮೇಲೆ. ಎರಡನ್ನೂ ಕೂಡಿಸಿದರೆ ಬ್ಯಾಟ್ ಹಿಡಿದ ಎರಡು ಸಲಕ್ಕೆ ಒಂದು ಸಲಕ್ಕಿಂತ ಹೆಚ್ಚಾಗಿ ಅವನು ಕಟ್ಟೆಯ ಮೇಲಿದ್ದಾನೆ! ಅಲ್ಲಿಂದ ಮುಂದೆ ಕದಿಯುವ ಕೆಲಸ. ಪಿಚರ್ ಚೆಂಡು ಬಿಡುವ ಗಳಿಗೆಯಲ್ಲಿ ಹಾರಿ ಮುಂದಿನ ಬೇಸ್‌ಗೆ ಜಾರುತ್ತಾನೆ. ಆಗಸ್ಟ್ 31ರಂದು ವಾಷಿಂಗ್ಟನ್ ಎದುರು ಒಂದೇ ಪಂದ್ಯದಲ್ಲಿ ಏಳು ಬೇಸ್ ಕದ್ದ. ಆ ಏಳನ್ನು ಅವನಿಗೂ ಮುಂಚೆ ಮಾಡಿದ್ದವನು ನಾನಾಗಲೇ ಹೆಸರಿಸಿದ ಜಾರ್ಜ್ ಗೋರ್, 1881ರಲ್ಲಿ.

ಆದರೆ ಕಳ್ಳನೂ ಹೆಚ್ಚಾಗಿ ಎರಡು, ಮೂರನೆಯ ಕಟ್ಟೆಯವರೆಗೆ ಹೋಗಬಲ್ಲ. ಅಲ್ಲಿಂದ ಮನೆಗೆ ಕರೆಯುವವರು ಬೇಕು. ಹಿಂದೆ ಡೆಲಹಂಟಿ ಇದ್ದ, ಥಾಂಪ್ಸನ್ ಇದ್ದ. ಥಾಂಪ್ಸನ್ ಆ ವರ್ಷ ಸುಮಾರು ನೂರು ಪಂದ್ಯಗಳಲ್ಲೇ 140ಕ್ಕೂ ಹೆಚ್ಚು ರನ್‌ಗಳಿಗೆ ಕಾರಣನಾದ. ಆ ಲೆಕ್ಕವನ್ನು ಆಗ ಯಾರೂ ಅಧಿಕೃತವಾಗಿ ಇಡುತ್ತಿರಲಿಲ್ಲ, ಎಷ್ಟೋ ಕಾಲದ ಮೇಲೆ ಸಂಶೋಧಕರು ಹಳೆಯ ಪತ್ರಿಕೆಗಳ ವರದಿಗಳಿಂದ ಹೆಕ್ಕಿ ತೆಗೆದದ್ದು. ನನ್ನ ಹೈಸ್ಕೂಲಿನ ಮುಳ್ಳು ಇಲ್ಲಿ ಬೇರೆ ರೂಪದಲ್ಲಿ ಮತ್ತೆ ಚುಚ್ಚುತ್ತದೆ. ಕ್ರಿಕೆಟಿನಲ್ಲಿ ಜೊತೆಗೆ ಓಡಿದವನು ಮರೆಯಾಗುತ್ತಾನೆ. ಅಂದಿನ ಬೇಸ್‌ಬಾಲಿನಲ್ಲಿ ಹೊಡೆದು ಮನೆಗೆ ತಂದವನು ಮರೆಯಾಗುತ್ತಿದ್ದ. ಯಾವ ಆಟದ ಪುಸ್ತಕದಲ್ಲೂ ಇಬ್ಬರಿಗೆ ಜಾಗ ಸಾಲದೆ ಬಂದಿದೆ.

ಹ್ಯಾಮಿಲ್ಟನ್ ಆ ಬೇಸಿಗೆಯಲ್ಲಿ ಸತತ 24 ಪಂದ್ಯಗಳಲ್ಲಿ ರನ್ ಮಾಡಿದ. ಬಾಲ್ಟಿಮೋರ್‌ನ ವಿಲ್ಲಿ ಕೀಲರ್ ಮತ್ತು ಜೋ ಕೆಲ್ಲಿ ತಲಾ 165 ಗಳಿಸಿ ಬಹಳ ಹಿಂದೆ ಉಳಿದರು. ಇಷ್ಟಾದರೂ ಫಿಲಡೆಲ್ಫಿಯಾ ತಂಡಕ್ಕೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಬ್ಯಾಟರ್‌ಗಳಿಗೆ ತೆರೆದ ಬಾಗಿಲು ಎದುರಾಳಿಗಳಿಗೂ ತೆರೆದಿತ್ತು. 1895ರ ಕೊನೆಗೆ ಅವನನ್ನು ಬಾಸ್ಟನ್‌ಗೆ ಕೊಟ್ಟುಬಿಟ್ಟರು. ಅಲ್ಲಿ 1897, 1898ರಲ್ಲಿ ತಂಡದ ಜೊತೆ ಎರಡು ಸಲ ಲೀಗ್ ಪ್ರಶಸ್ತಿ ಗೆದ್ದ. 1901ರಲ್ಲಿ ಆಟ ಬಿಟ್ಟಾಗ ಅವನ ಖಾತೆಯಲ್ಲಿ 1,594 ಪಂದ್ಯ, 1,697 ರನ್. ಸಾವಿರಕ್ಕೂ ಹೆಚ್ಚು ಪಂದ್ಯ ಆಡಿ, ಪಂದ್ಯಗಳಿಗಿಂತ ರನ್‌ಗಳೇ ಹೆಚ್ಚಾಗಿ ಉಳಿದವರು ಗೋರ್, ಸ್ಟೋವಿ, ಹ್ಯಾಮಿಲ್ಟನ್ ಮೂವರೇ.

ಅದೇ 1901ರಲ್ಲಿ ನ್ಯಾಷನಲ್ ಲೀಗ್ ಮೊದಲೆರಡು ಫೌಲ್‌ಗಳನ್ನು ಸ್ಟ್ರೈಕ್ ಎಂದು ಎಣಿಸತೊಡಗಿತು. ರನ್‌ಗಳ ಹೊಳೆ ಬತ್ತಿತು. ಮುಂದೆ 1921ರಲ್ಲಿ ಬೇಬ್ ರೂತ್ ಒಂದು ಋತುವಿನಲ್ಲಿ 177 ರನ್ ಗಳಿಸಿದ್ದೇ 1900ರ ಈಚಿನ ಅತಿ ಹೆಚ್ಚು. ಟಾಮ್ ಬ್ರೌನ್‌ನ ಅಂಕಿ ನೆನಪಿದೆಯೇ? ಅದೇ 177. ಲಿವರ್‌ಪೂಲಿನ ಆ ಓಟಗಾರನ ಹೆಸರು ಇಂದು ಅಮೆರಿಕದಲ್ಲೂ ಕೆಲವೇ ಮಂದಿಗೆ ಗೊತ್ತು.

ಕೊನೆಗೆ ಒಬ್ಬ ತರುಣಿ ಕೇಳಿದ ಪ್ರಶ್ನೆ: ಸರ್, 1894ರಲ್ಲಿ ಹ್ಯಾಮಿಲ್ಟನ್ ಗಳಿಸಿದ ರನ್ ಎಷ್ಟು ಎಂದು ನೀವು ಹೇಳಲೇ ಇಲ್ಲವಲ್ಲ? ಬೇಕೆಂದೇ ಉಳಿಸಿಕೊಂಡಿದ್ದೆ ತಾಯಿ.

ಹ್ಯಾಮಿಲ್ಟನ್ ಮುಪ್ಪಿನಲ್ಲಿ, 1937ರಲ್ಲಿ, ಒಂದು ಕ್ರೀಡಾ ಪತ್ರಿಕೆಗೆ ಪತ್ರ ಬರೆದ. ತನ್ನಷ್ಟು ಬೇಸ್ ಕದ್ದವರಿಲ್ಲ, ಲೆಕ್ಕವನ್ನು ಇನ್ನೊಮ್ಮೆ ನೋಡಿದರೆ ತನಗೆ ಸಲ್ಲಬೇಕಾದದ್ದು ಸಲ್ಲುತ್ತದೆ ಎಂಬುದು ಅದರ ಸಾರ. ಆ ಕಾಲದ ಕಳವಿನ ಲೆಕ್ಕವೇ ಬೇರೆ, ಇನ್ನೊಬ್ಬನ ಹೊಡೆತದಲ್ಲಿ ಒಂದು ಬೇಸ್ ಹೆಚ್ಚು ಓಡಿದರೂ ಕಳವು ಎಂದೇ ಬರೆಯುತ್ತಿದ್ದರು. 1898ರಲ್ಲಿ ಅದು ಬದಲಾಗಿತ್ತು. ಹೀಗಾಗಿ ಹೊಸಬರು ಅವನ ಅಂಕಿಗಳನ್ನು ಅನುಮಾನದಿಂದ ನೋಡುತ್ತಿದ್ದರು. 1940ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ತೀರಿಕೊಂಡ. ಕೀರ್ತಿಮಂದಿರ ಸೇರಿದ್ದು 1961ರಲ್ಲಿ. ಅವನು ಬೇಡಿಕೊಂಡಿದ್ದ ಮರು ಎಣಿಕೆ ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ನಡೆಯಿತು. ಸಂಶೋಧಕರು ಗ್ರಂಥಾಲಯಗಳಲ್ಲಿ ಕುಳಿತು, ಮಸುಕಾದ ಪತ್ರಿಕೆಗಳ ಅಂಕಪಟ್ಟಿಗಳನ್ನು ಪಂದ್ಯ ಪಂದ್ಯವಾಗಿ ಮತ್ತೆ ಕೂಡಿದರು. ಕೆಲವು ದಾಖಲೆ ಪುಸ್ತಕಗಳಲ್ಲಿ ಅವನ 1894ರ ಮೊತ್ತ 192. ಇನ್ನು ಕೆಲವದರಲ್ಲಿ 196. ಈಗ ಹೆಚ್ಚು ಬಳಕೆಯಲ್ಲಿರುವ ಎಣಿಕೆಯಲ್ಲಿ 198.

ನನ್ನ ಟಿಪ್ಪಣಿ ಪುಸ್ತಕದಲ್ಲಿ 192 ಎಂದು ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ 198 ಎಂದು ಬರೆದುಕೊಂಡಿದ್ದೇನೆ. ಕೆಂಪು ಪೆನ್ನಿನಲ್ಲಿ.